ಅಟ್ಟದ ಮೇಲಿನ ವಿಡಿಯೋ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸುವುದು ಹೇಗೆ?

ಎಂಬತ್ತು, ತೊಂಬತ್ತರ ದಶಕದ ಮದುವೆ, ಉಪನಯನ, ಗೃಹಪ್ರವೇಶಗಳ ವಿಡಿಯೋ ಕ್ಯಾಸೆಟ್‌ಗಳು ಎಷ್ಟೋ ಮನೆಗಳ ಅಟ್ಟದ ಮೇಲೆ, ಬೀರುವಿನ ತಳದಲ್ಲಿ ಇನ್ನೂ ಬಿದ್ದಿವೆ. ಅವುಗಳಲ್ಲಿ ಓಡಾಡುವ ಹಿರಿಯರಲ್ಲಿ ಅನೇಕರು ಈಗಿಲ್ಲ. ಅವರ ನಡಿಗೆ, ನಗು ಉಳಿದಿರುವುದು ಅರ್ಧ ಇಂಚು ಅಗಲದ ಆ ಟೇಪಿನಲ್ಲಿ ಮಾತ್ರ. ಟೇಪು ಪೂರ್ತಿ ಹಾಳಾಗುವ ಮೊದಲೇ ಅದನ್ನು ಓಡಿಸುವ ಯಂತ್ರ ಸಿಗದ ಕಾಲ ಬಂದಿದೆ. ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿಯೂ 2016ರ ಜುಲೈನಲ್ಲಿ ಅದನ್ನು ನಿಲ್ಲಿಸಿತು. ಅಲ್ಲಿಂದಾಚೆಗೆ ಸಿಗುವುದೆಲ್ಲ ಬಳಸಿದ ಯಂತ್ರವೇ. ಹಾಗಾಗಿ ಈ ಕೆಲಸವನ್ನು ಮುಂದಿನ ವರ್ಷಕ್ಕೆ ತಳ್ಳಬೇಡಿ.

ಬೇಕಾದ ಸಾಮಾನು ಹೆಚ್ಚಿಲ್ಲ: ವಿಎಚ್‌ಎಸ್ (ಆ ಕಾಲದ ಸಾಮಾನ್ಯ ವಿಡಿಯೋ ಕ್ಯಾಸೆಟ್) ಓಡಿಸುವ ಯಂತ್ರ, ಹಳದಿ–ಬಿಳಿ–ಕೆಂಪು ಪಿನ್ನಿನ ಎವಿ ಕೇಬಲ್, ಯಂತ್ರದ ಚಿತ್ರವನ್ನು ಕಂಪ್ಯೂಟರಿಗೆ ದಾಟಿಸುವ ಯುಎಸ್‌ಬಿಯ ವಿಡಿಯೋ ಕ್ಯಾಪ್ಚರ್ ಸಾಧನ, ಸಾಕಷ್ಟು ಜಾಗವಿರುವ ಹಾರ್ಡ್ ಡಿಸ್ಕ್. ರೆಕಾರ್ಡ್ ಮಾಡುವ ವಿಸಿಆರೇ ಆಗಬೇಕೆಂದಿಲ್ಲ, ಬರೀ ಓಡಿಸುವ ವಿಸಿಪಿಯೂ ನಡೆಯುತ್ತದೆ. ಕ್ಯಾಸೆಟ್ ಅಂಗೈಯಗಲದಷ್ಟು ಚಿಕ್ಕದಾಗಿದ್ದರೆ ಅದು ಕ್ಯಾಮ್‌ಕಾರ್ಡರಿನದು; ಹೈ–8, ಮಿನಿ ಡಿವಿ ಟೇಪುಗಳಿಗೆ ಆಯಾ ಬಗೆಯ ಕ್ಯಾಮೆರಾವೇ ಬೇಕು.

ಮೊದಲು ಕ್ಯಾಸೆಟ್ ಪರೀಕ್ಷೆ

ಇದೇ ಅತಿ ಮುಖ್ಯವಾದ ಹಂತ. ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದು, ಪಾರದರ್ಶಕ ಕಿಂಡಿಯೊಳಗೆ ಸುತ್ತಿಕೊಂಡಿರುವ ಟೇಪಿನ ಅಂಚನ್ನು ನೋಡಿ. ಕಪ್ಪಗೆ ನುಣುಪಾಗಿದ್ದರೆ ಸರಿ. ಸುಣ್ಣದ ಪುಡಿ ಉದುರಿಸಿದಂತೆ ಬಿಳಿ ಚುಕ್ಕೆಗಳು ಕಂಡರೆ ಅದು ಬೂಷ್ಟು. ಮಲೆನಾಡು, ಕರಾವಳಿಯ ಮಳೆಗಾಲ ಕಂಡ ಕ್ಯಾಸೆಟ್‌ಗಳಲ್ಲಿ ಇದು ಸಾಮಾನ್ಯ. ಅಂಥದ್ದನ್ನು ಯಂತ್ರಕ್ಕೆ ಹಾಕಲೇಬೇಡಿ. ಬೂಷ್ಟು ಯಂತ್ರದಲ್ಲಿ ಟೇಪನ್ನು ಓದುವ ಭಾಗವಾದ ಹೆಡ್‌ಗೆ ಮೆತ್ತಿಕೊಂಡು ಚಿತ್ರ ಕೆಡಿಸುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್‌ಗೂ ದಾಟುತ್ತದೆ. ಟೇಪು ಸ್ವಚ್ಛಗೊಳಿಸುವ ಅನುಭವ ಇರುವವರಿಗೇ ಅದನ್ನು ಒಪ್ಪಿಸಿ.

ಚೆನ್ನಾಗಿರುವ ಕ್ಯಾಸೆಟ್ಟಿನ ಬೆನ್ನಿನ ಅಂಚಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ. ಅದನ್ನು ಮುರಿದು ತೆಗೆಯಿರಿ. ಆಮೇಲೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯ ಚಿತ್ರ ಅಳಿಯುವುದಿಲ್ಲ. ವರ್ಷಗಟ್ಟಲೆ ಸುಮ್ಮನಿದ್ದ ಟೇಪಿನ ಬಿಗಿ ಒಂದೇ ಸಮನಾಗಿರುವುದಿಲ್ಲವಾದ್ದರಿಂದ, ಒಮ್ಮೆ ಕೊನೆಯವರೆಗೆ ಓಡಿಸಿ ಮತ್ತೆ ಪೂರ್ತಿ ಹಿಂದಕ್ಕೆ ಸುತ್ತಿ.

ಯಂತ್ರದ ಹೆಡ್ ಒರೆಸುವುದು

ಪರದೆಯ ತುಂಬ ಬಿಳಿ ಚುಕ್ಕೆಗಳು ಹಾರಾಡುತ್ತಿದ್ದರೆ ತಪ್ಪು ಟೇಪಿನದೇ ಎಂದುಕೊಳ್ಳಬೇಡಿ; ಹೆಡ್ ಕೊಳೆಯಾಗಿರುವ ಸಾಧ್ಯತೆ ಹೆಚ್ಚು. ವಿದ್ಯುತ್ ಪ್ಲಗ್ ಕಿತ್ತು, ಮೇಲಿನ ಮುಚ್ಚಳ ಬಿಚ್ಚಿದರೆ ಹೊಳೆಯುವ ಉರುಟು ಡ್ರಮ್ ಕಾಣುತ್ತದೆ. ನೂಲು ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿ, ಅದನ್ನು ಡ್ರಮ್ಮಿಗೆ ಹಗುರವಾಗಿ ಆನಿಸಿ ಅಲುಗಾಡದಂತೆ ಹಿಡಿಯಿರಿ. ಇನ್ನೊಂದು ಕೈಯಿಂದ ಡ್ರಮ್ಮಿನ ಮೇಲ್ತುದಿ ಹಿಡಿದು ನಿಧಾನವಾಗಿ ತಿರುಗಿಸಿ. ಬಟ್ಟೆಯನ್ನು ಮೇಲೆ ಕೆಳಗೆ ಉಜ್ಜಿದರೆ ಡ್ರಮ್ಮಿನ ಅಂಚಿನಲ್ಲಿರುವ ಸೂಕ್ಷ್ಮ ಹೆಡ್ ಮುರಿದೇ ಹೋಗುತ್ತದೆ. ಹತ್ತಿಯ ಕಡ್ಡಿಯೂ ಬೇಡ, ಅದರ ಎಳೆ ಸಿಕ್ಕಿಕೊಳ್ಳುತ್ತದೆ. ಧೈರ್ಯ ಸಾಲದಿದ್ದರೆ ಹಳೆಯ ಟಿ.ವಿ. ರಿಪೇರಿ ಮಾಡುವವರನ್ನು ಕೇಳಿ. ಆ ತಲೆಮಾರಿನವರಿಗೆ ಈ ಕೆಲಸ ಕೈವಶ.

ಜೋಡಣೆ ಮತ್ತು ರೆಕಾರ್ಡಿಂಗ್

ಯಂತ್ರದ ವಿಡಿಯೋ ಔಟ್‌ನಿಂದ ಹಳದಿ ಪಿನ್, ಆಡಿಯೊ ಔಟ್‌ನಿಂದ ಬಿಳಿ ಪಿನ್ (ಎರಡು ಆಡಿಯೊ ಔಟ್ ಇದ್ದರೆ ಕೆಂಪೂ) ಕ್ಯಾಪ್ಚರ್ ಸಾಧನಕ್ಕೆ ಹೋಗಬೇಕು. ಸಾಧನವನ್ನು ಹಬ್ ಮೂಲಕ ಜೋಡಿಸದೆ ನೇರವಾಗಿ ಕಂಪ್ಯೂಟರಿಗೇ ಚುಚ್ಚಿ. ರೆಕಾರ್ಡಿಂಗಿಗೆ ಒಬಿಎಸ್ ಸ್ಟುಡಿಯೊ ತಂತ್ರಾಂಶ ಉಚಿತ ಮತ್ತು ಸುಲಭ. ಅದರಲ್ಲಿ ‘ವಿಡಿಯೋ ಕ್ಯಾಪ್ಚರ್ ಡಿವೈಸ್’ ಆರಿಸಿ, ಮಾದರಿಯನ್ನು ಪಾಲ್ (ಭಾರತದ ಟಿ.ವಿ. ಪದ್ಧತಿ) ಎಂದೂ ಗಾತ್ರವನ್ನು 720×576 ಎಂದೂ ಕೊಡಿ. ಭಾರತದ ಟೇಪುಗಳಲ್ಲಿ ಸೆಕೆಂಡಿಗೆ 25 ಚಿತ್ರಗಳಿದ್ದು, ಪ್ರತಿಯೊಂದೂ ಎರಡು ಅರೆಚಿತ್ರಗಳಾಗಿ ಹೆಣೆದುಕೊಂಡಿರುತ್ತದೆ. ಹಾಗಾಗಿ ಆ ಹೆಣಿಗೆ ಬಿಡಿಸುವ ಡಿಇಂಟರ್‌ಲೇಸಿಂಗ್‌ನಲ್ಲಿ ‘ಯಾಡಿಫ್ 2ಎಕ್ಸ್’ ಆರಿಸಿ, ವೇಗವನ್ನು ಸೆಕೆಂಡಿಗೆ 50 ಚಿತ್ರಗಳಿಗೆ ಇಡಿ. ಚಲನೆ ನಯವಾಗಿ ಬರುತ್ತದೆ. ಕ್ಯಾನ್ವಾಸ್ ಗಾತ್ರ 768×576 ಇರಲಿ, ಚಿತ್ರವನ್ನು ಅದರ ತುಂಬ ಹರಡಿ. ಈಗಿನ ಅಗಲ ಪರದೆಗೆ ಹೊಂದಿಸಲೆಂದು ಎಳೆದು ಹಿಗ್ಗಿಸಬೇಡಿ, ಮದುಮಗಳ ಮುಖ ಅಡ್ಡಕ್ಕೆ ಊದಿಕೊಳ್ಳುತ್ತದೆ.

ಕಡತದ ಬಗೆ ಎಂಕೆವಿ ಇರಲಿ. ಎಂಪಿ4ನಲ್ಲಿ ರೆಕಾರ್ಡ್ ಆಗುತ್ತಿರುವಾಗ ಕರೆಂಟ್ ಹೋದರೆ ಇಡೀ ಕಡತ ತೆರೆಯದೇ ಹೋಗಬಹುದು; ಎಂಕೆವಿಯಲ್ಲಿ ಅಲ್ಲಿಯವರೆಗಿನದು ಉಳಿಯುತ್ತದೆ. ಮುಗಿದ ಮೇಲೆ ಒಬಿಎಸ್‌ನಲ್ಲೇ ಗುಣಮಟ್ಟ ಕುಂದದಂತೆ ಎಂಪಿ4 ಮಾಡಿಕೊಳ್ಳಬಹುದು.

ಮೂರು ಗಂಟೆಯ ಕ್ಯಾಸೆಟ್ ಇಳಿಸಲು ಮೂರು ಗಂಟೆಯೇ ಬೇಕು, ಅಡ್ಡದಾರಿ ಇಲ್ಲ. ಕಂಪ್ಯೂಟರ್ ನಿದ್ದೆಗೆ ಜಾರದಂತೆ ಹೊಂದಿಸಿ, ಬೇರೆ ತಂತ್ರಾಂಶ ಮುಚ್ಚಿ. ಮೊದಲ ಹತ್ತು ನಿಮಿಷ ಇಳಿಸಿ, ಮಾತಿಗೂ ತುಟಿಗೂ ತಾಳೆಯಾಗುತ್ತದೆಯೇ ನೋಡಿ, ಆಮೇಲೆ ಪೂರ್ತಿ ಓಡಿಸಿ. ಚಿತ್ರದಲ್ಲಿ ಅಡ್ಡಪಟ್ಟೆ ಬಂದರೆ ಯಂತ್ರದ ಟ್ರ್ಯಾಕಿಂಗ್ ಗುಂಡಿಯಿಂದ ಸರಿಪಡಿಸಿ. ಚಿತ್ರದ ಬುಡದಲ್ಲಿ ಒಂದೆರಡು ಗೆರೆ ನಡುಗುತ್ತಿದ್ದರೆ ಚಿಂತೆ ಬೇಡ, ವಿಎಚ್‌ಎಸ್ ಇರುವುದೇ ಹಾಗೆ.

ಅಮೆರಿಕದಲ್ಲಿದ್ದ ನೆಂಟರು ಕಳುಹಿಸಿದ ಟೇಪು ನಮ್ಮ ಯಂತ್ರದಲ್ಲಿ ಕಪ್ಪುಬಿಳುಪಾಗಿ ಕಂಡರೆ ಅಥವಾ ಚಿತ್ರ ಉರುಳುತ್ತಿದ್ದರೆ ಅದು ಕೆಟ್ಟಿಲ್ಲ. ಅಲ್ಲಿನ ಎನ್‌ಟಿಎಸ್‌ಸಿ ಪದ್ಧತಿ ಬೇರೆ. ಅದಕ್ಕೆ ಎರಡೂ ಪದ್ಧತಿ ಬಲ್ಲ ಯಂತ್ರ ಬೇಕು.

ಸ್ಟುಡಿಯೊಗೆ ಕೊಡುವುದಾದರೆ ಬರೀ ಡಿವಿಡಿಗೆ ಒಪ್ಪಿಕೊಳ್ಳದೆ, ಕತ್ತರಿಸದ ಪೂರ್ತಿ ಕಡತವನ್ನು ಪೆನ್‌ಡ್ರೈವ್‌ನಲ್ಲಿ ಕೇಳಿ. ಬಣ್ಣ ಹೆಚ್ಚಿಸಿ, ಮುಖ ನುಣುಪು ಮಾಡಿಕೊಡುತ್ತೇವೆ ಎಂದರೆ ಒಂದು ಪ್ರತಿಯನ್ನು ಮುಟ್ಟದೆ ಕೊಡಲು ಹೇಳಿ. ಅಜ್ಜಿಯ ಮುಖದ ಸುಕ್ಕು ಅಳಿಸಿದ ಚಿತ್ರದಲ್ಲಿ ಅಜ್ಜಿಯೇ ಇರುವುದಿಲ್ಲ. ಯೂಟ್ಯೂಬಿಗೆ ಹಾಕುವ ಯೋಚನೆಯಿದ್ದರೆ ಗಮನಿಸಿ: ಆ ಕಾಲದ ಮದುವೆ ವಿಡಿಯೋಗಳಿಗೆ ಸ್ಟುಡಿಯೊದವರು ಸಿನಿಮಾ ಹಾಡು ತುಂಬುತ್ತಿದ್ದುದರಿಂದ ಹಕ್ಕುಸ್ವಾಮ್ಯದ ತಕರಾರು ಬರಬಹುದು.

ಕಡತಕ್ಕೆ ‘ವಿಡಿಯೋ1’ ಎಂದು ಹೆಸರಿಡದೆ ವರ್ಷ, ಊರು, ಸಮಾರಂಭ ಬರೆಯಿರಿ. ಮನೆಯ ಹಿರಿಯರ ಜೊತೆ ಕುಳಿತು ನೋಡುತ್ತ ಯಾರು ಯಾರೆಂದು ಬರೆದುಕೊಳ್ಳಿ, ಅದನ್ನು ಹೇಳಬಲ್ಲವರು ಅವರೊಬ್ಬರೇ. ಮೂರು ಪ್ರತಿ ಮಾಡಿ, ಒಂದನ್ನು ಬೇರೆ ಊರಿನ ಅಣ್ಣತಮ್ಮಂದಿರ ಮನೆಯಲ್ಲಿಡಿ. ಮೂಲ ಕ್ಯಾಸೆಟ್ಟನ್ನು ಎಸೆಯಬೇಡಿ. ಪೂರ್ತಿ ಹಿಂದಕ್ಕೆ ಸುತ್ತಿ, ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಒಣ ಜಾಗದಲ್ಲಿಡಿ.