ಸಣ್ಣ ಸೇವಾ ಸಂಸ್ಥೆಯಲ್ಲಿ ಮಾರಾಟ ಪ್ರತಿನಿಧಿಗಳ ಕಮಿಷನ್ ಗೊತ್ತುಪಡಿಸುವ ಬಗೆ

ಮಿಕ್ಸಿ ಮಾರುವ ಅಂಗಡಿಯಲ್ಲಿ ಬಿಲ್ ಹರಿದು ಕೊಟ್ಟ ಕೂಡಲೇ ಮಾರಾಟ ಮುಗಿಯುತ್ತದೆ. ಗೆದ್ದಲು ನಿವಾರಣೆ, ನೀರಿನ ಫಿಲ್ಟರ್ ಸರ್ವಿಸ್, ಸಿಸಿಟಿವಿ ನಿರ್ವಹಣೆ, ಹೌಸ್‌ಕೀಪಿಂಗ್ ಇಂತಹ ಸೇವೆಗಳನ್ನು ಮಾರುವಾಗ ಆ ದಿನ ನಾವು ಗ್ರಾಹಕರಿಗೆ ಕೊಟ್ಟಿರುವುದು ಒಂದು ಮಾತನ್ನು ಮಾತ್ರ. ಆ ಮಾತನ್ನು ನಡೆಸಿಕೊಡುವವರು ಬೇರೆ ಜನ, ಅದರ ಖರ್ಚು ಬರುವುದು ಆಮೇಲೆ, ಹಣ ಕೈಸೇರುವುದು ಎಷ್ಟೋ ಸಲ ಅದಕ್ಕೂ ಆಮೇಲೆ. ಆದ್ದರಿಂದ ಸೇವಾ ಸಂಸ್ಥೆಯಲ್ಲಿ ಕಮಿಷನ್ ಎಂಬುದು ಆಡಿದ ಮಾತಿಗೆ ಸಲ್ಲದೆ ನಡೆದ ಮಾತಿಗೆ ಸಲ್ಲಬೇಕು. ಮೈಸೂರಿನಲ್ಲಿ ಮೂವರು ಮಾರಾಟ ಪ್ರತಿನಿಧಿಗಳು ಮತ್ತು ಏಳು ಮಂದಿ ಕೆಲಸಗಾರರೊಂದಿಗೆ ಕೀಟ ನಿವಾರಣೆಯ ಸಣ್ಣ ಸಂಸ್ಥೆಯೊಂದನ್ನು ನಡೆಸುತ್ತಿರುವ ನಾನು ಇದನ್ನು ಕಲಿತದ್ದು ಕೈಸುಟ್ಟುಕೊಂಡ ಮೇಲೆ. ಇಲ್ಲಿನ ಲೆಕ್ಕಗಳೆಲ್ಲ ಅದೇ ಕಸುಬಿನವು. ನಿಮ್ಮ ಕಸುಬಿನ ಅಂಕಿಗಳನ್ನು ಅವುಗಳ ಜಾಗದಲ್ಲಿಟ್ಟು ನೋಡಬಹುದು.

ಮೊದಲು ತೀರ್ಮಾನವಾಗಬೇಕಾದದ್ದು ಯಾವ ಮೊತ್ತದ ಮೇಲೆ ಕಮಿಷನ್ ಎಂಬುದು. ಹೆಚ್ಚಿನವರು ನಾನು ಮಾಡಿದಂತೆಯೇ ಬಿಲ್ಲಿನ ಮೊತ್ತಕ್ಕೆ ಶೇಕಡಾ ಇಷ್ಟು ಎಂದು ಹೇಳಿಬಿಡುತ್ತಾರೆ. ಒಂದು ಮನೆಯ ಗೆದ್ದಲು ನಿವಾರಣೆಗೆ 12,000 ರೂಪಾಯಿ ದರ ಎಂದುಕೊಳ್ಳೋಣ. ಔಷಧಿಗೆ 2,200, ಇಬ್ಬರು ಕೆಲಸಗಾರರ ಒಂದು ದಿನದ ಕೂಲಿಗೆ 1,800, ಡ್ರಿಲ್ ಬಿಟ್, ಬಿಳಿ ಸಿಮೆಂಟ್ ಮತ್ತು ಓಡಾಟಕ್ಕೆ 600, ಗ್ಯಾರಂಟಿ ಅವಧಿಯಲ್ಲಿ ಮತ್ತೆ ಹೋಗಬೇಕಾಗಿ ಬಂದರೆ ಇರಲಿ ಎಂದು ತೆಗೆದಿಡುವ 1,000, ಹೀಗೆ ಒಟ್ಟು ಖರ್ಚು 5,600. ಉಳಿಯುವುದು 6,400. ಬಿಲ್ಲಿನ ಮೇಲೆ ಶೇಕಡಾ 8ರಂತೆ ಪ್ರತಿನಿಧಿಗೆ 960 ರೂಪಾಯಿ ಸಿಗುತ್ತದೆ. ಈಗ ಗ್ರಾಹಕರು ಚೌಕಾಸಿ ಮಾಡುತ್ತಾರೆ, ಪ್ರತಿನಿಧಿ ಶೇಕಡಾ 20 ಕಡಿಮೆ ಮಾಡಿ 9,600ಕ್ಕೆ ಒಪ್ಪಿಬಿಡುತ್ತಾನೆ. ಅವನ ಕಮಿಷನ್ 768ಕ್ಕೆ ಇಳಿಯುತ್ತದೆ, ಅಂದರೆ ಅವನು ಕಳೆದುಕೊಂಡದ್ದು 192 ರೂಪಾಯಿ. ಖರ್ಚು ಮಾತ್ರ ಒಂದು ರೂಪಾಯಿಯೂ ಕಡಿಮೆಯಾಗಿಲ್ಲವಾದ್ದರಿಂದ ಸಂಸ್ಥೆಯ ಉಳಿಕೆ 6,400ರಿಂದ 4,000ಕ್ಕೆ ಕುಸಿಯುತ್ತದೆ. 192 ರೂಪಾಯಿ ಬಿಟ್ಟುಕೊಟ್ಟು ಅರ್ಧ ಗಂಟೆಯ ಚೌಕಾಸಿಯನ್ನು ಉಳಿಸಿಕೊಳ್ಳುವುದು ಅವನ ಮಟ್ಟಿಗೆ ಜಾಣತನವೇ ಸರಿ. ತಪ್ಪು ಆ ನಿಯಮ ಮಾಡಿದವರದು.

ಆದ್ದರಿಂದ ಕಮಿಷನ್ ಅನ್ನು ಉಳಿಕೆಯ ಮೇಲೆ ಕಟ್ಟಬೇಕು. ಆಡಿಟರ್ ಇದನ್ನು ಗ್ರಾಸ್ ಮಾರ್ಜಿನ್ ಎನ್ನುತ್ತಾರೆ, ನಮ್ಮ ಕಚೇರಿಯಲ್ಲಿ ಉಳಿಕೆ ಎಂದೇ ರೂಢಿ. ಶೇಕಡಾ 18ರ ಜಿಎಸ್‌ಟಿ ಸರ್ಕಾರದ ಹಣವಾದ್ದರಿಂದ ಅದು ಈ ಲೆಕ್ಕದೊಳಗೆ ಬರಲೇಬಾರದು. ಇಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಪ್ರತಿ ಕೆಲಸಕ್ಕೆ ನಿಜವಾಗಿ ತಗುಲಿದ ಖರ್ಚನ್ನು ಕಳೆಯಲು ಹೊರಟರೆ, ಕೆಲಸಗಾರ ಚೆಲ್ಲಿದ ಔಷಧಿಯ ನಷ್ಟವನ್ನು ಪ್ರತಿನಿಧಿ ಹೊರಬೇಕಾಗುತ್ತದೆ, ಮತ್ತು ಪ್ರತಿ ತಿಂಗಳೂ ಜಗಳ ಏಳುತ್ತದೆ. ಅದರ ಬದಲು ಇಷ್ಟು ಚದರಡಿಗೆ ಇಷ್ಟು ಖರ್ಚು ಎಂಬ ಗೊತ್ತಾದ ಪಟ್ಟಿಯೊಂದನ್ನು ಮಾಡಿ, ಆರು ತಿಂಗಳಿಗೊಮ್ಮೆ ಮಾತ್ರ ತಿದ್ದಬೇಕು. ಆಗ ಪ್ರತಿನಿಧಿ ಗ್ರಾಹಕರ ಮುಂದೆ ಕುಳಿತಾಗಲೇ ತನಗೆಷ್ಟು ಬರುತ್ತದೆ ಎಂಬುದನ್ನು ಮನಸ್ಸಿನಲ್ಲೇ ಲೆಕ್ಕ ಹಾಕಬಲ್ಲ. ಖರ್ಚಿನ ಪಟ್ಟಿಯನ್ನು ನೌಕರರಿಗೆ ತೋರಿಸಲು ಇಷ್ಟವಿಲ್ಲದವರು ಬಿಲ್ಲಿನ ಮೇಲೆಯೇ ಕಮಿಷನ್ ಇಟ್ಟು, ಪೂರ್ತಿ ದರಕ್ಕೆ ಮಾರಿದರೆ ಶೇಕಡಾ 8, ಶೇಕಡಾ 5ರವರೆಗೆ ರಿಯಾಯಿತಿ ಕೊಟ್ಟರೆ 6, 10ರವರೆಗೆ ಕೊಟ್ಟರೆ 4, ಅದಕ್ಕಿಂತ ಹೆಚ್ಚಿನ ರಿಯಾಯಿತಿಗೆ ಮಾಲೀಕರ ಒಪ್ಪಿಗೆ ಎಂದು ಕಟ್ಟುಮಾಡಬಹುದು. ನನಗೆ ಉಳಿಕೆಯ ದಾರಿಯೇ ಮೇಲೆನಿಸುತ್ತದೆ, ಏಕೆಂದರೆ ಖರ್ಚು ತಿಳಿದ ನೌಕರ ಸಂಸ್ಥೆಯ ಕಷ್ಟವನ್ನೂ ತಿಳಿಯುತ್ತಾನೆ.

ಆನ್‌ಲೈನ್ ಜಾಹೀರಾತು ನೋಡಿ ಕಚೇರಿಗೆ ಬರುವ ಕರೆಗಳಿಗೂ ಪ್ರತಿನಿಧಿ ತಾನೇ ಓಡಾಡಿ ತಂದ ಗಿರಾಕಿಗೂ ಬೇರೆ ಬೇರೆ ದರ ಬೇಕೇ ಎಂಬ ಪ್ರಶ್ನೆ ಎಲ್ಲ ಕಡೆಯೂ ಬರುತ್ತದೆ. ಬೇಕಿಲ್ಲ. ಕರೆಯೊಂದಕ್ಕೆ ಜಾಹೀರಾತಿನ ಖರ್ಚು 300 ರೂಪಾಯಿಯಾಗಿ, ಮೂರು ಕರೆಗಳಲ್ಲಿ ಒಂದು ಕೆಲಸವಾಗಿ ಕುದುರುವುದಾದರೆ, ಆ ಕೆಲಸದ ಖರ್ಚಿಗೆ 900 ರೂಪಾಯಿ ಸೇರಿಸಿದರೆ ಸಾಕು. ತಾನೇ ತಂದ ಗಿರಾಕಿಯಲ್ಲಿ ಉಳಿಕೆ ತಾನಾಗಿಯೇ ಹೆಚ್ಚಿರುತ್ತದೆ.

ಎರಡನೆಯದು ನಿಗದಿತ ಸಂಬಳ. ಕಮಿಷನ್ ಮೇಲೆಯೇ ಬದುಕು ಎಂದರೆ ಹಸಿದ ಮನುಷ್ಯ ಗ್ರಾಹಕರಿಗೆ ಏನನ್ನಾದರೂ ಹೇಳಿ ಒಪ್ಪಿಸುತ್ತಾನೆ, ಅದನ್ನು ತೀರಿಸಬೇಕಾದವರು ನಾವು. ನಮ್ಮ ಕಸುಬಿನಲ್ಲಿ ಏಪ್ರಿಲ್, ಮೇ ತಿಂಗಳ ಮೊದಲ ಮಳೆ ಬಿದ್ದು ರೆಕ್ಕೆ ಬಂದ ಗೆದ್ದಲು ದೀಪಕ್ಕೆ ಮುತ್ತಿದಾಗ ಫೋನ್ ಬಿಡುವಿಲ್ಲದೆ ಹೊಡೆದುಕೊಳ್ಳುತ್ತದೆ. ದಸರೆಗೆ ಮೊದಲು ಲಾಡ್ಜ್‌ಗಳವರು ತಿಗಣೆಗೆ ಕರೆಯುತ್ತಾರೆ. ಚಳಿಗಾಲದಲ್ಲಿ ಕೆಲಸ ತಗ್ಗುತ್ತದೆ. ಋತುವಿನ ಏರಿಳಿತವನ್ನು ನೌಕರನ ಮನೆಯ ಒಲೆಗೆ ಇಳಿಸುವುದು ನ್ಯಾಯವಲ್ಲ. ಕಾನೂನೂ ಇದನ್ನೇ ಹೇಳುತ್ತದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಕಮಿಷನ್ ವೇತನದ ವ್ಯಾಖ್ಯೆಯಿಂದ ಹೊರಗಿರುವುದರಿಂದ, ಕನಿಷ್ಠ ವೇತನವನ್ನು ನಿಗದಿತ ಸಂಬಳದಲ್ಲೇ ತುಂಬಿಕೊಡಬೇಕು. ಹಾಗೆಯೇ ಹೊರಗಿಟ್ಟ ಬಾಬತ್ತುಗಳೆಲ್ಲ ಸೇರಿ ಒಟ್ಟು ಸಂಭಾವನೆಯ ಅರ್ಧವನ್ನು ಮೀರಿದರೆ, ಮೀರಿದಷ್ಟು ಭಾಗ ವೇತನವೆಂದೇ ಎಣಿಕೆಯಾಗುತ್ತದೆ. ಸಾಧಾರಣ ತಿಂಗಳೊಂದರಲ್ಲಿ ಕೈಗೆ ಬರುವ ಹಣದ ಸುಮಾರು ಶೇಕಡಾ 70 ಸಂಬಳ, 30 ಕಮಿಷನ್ ಆಗುವಂತೆ ನಾನು ಇಟ್ಟಿದ್ದೇನೆ. ಪೆಟ್ರೋಲ್ ಮತ್ತು ಫೋನ್ ಖರ್ಚು ಇವೆರಡಕ್ಕೂ ಹೊರಗೆ, ಪ್ರತ್ಯೇಕವಾಗಿ.

ದರವನ್ನು ಹಂತಗಳಲ್ಲಿ ಇಡುವುದು ಒಳ್ಳೆಯದು. ನಮ್ಮಲ್ಲಿ ತಿಂಗಳ ಉಳಿಕೆಯ ಮೊದಲ 40,000ಕ್ಕೆ ಶೇಕಡಾ 5, ಅಲ್ಲಿಂದ 80,000ದವರೆಗಿನ ಭಾಗಕ್ಕೆ 10, ಅದರ ಮೇಲಿನದಕ್ಕೆ 15. ಒಬ್ಬ ಪ್ರತಿನಿಧಿ 90,000 ರೂಪಾಯಿ ಉಳಿಕೆ ತಂದರೆ 2,000, 4,000 ಮತ್ತು 1,500 ಸೇರಿ 7,500 ಕಮಿಷನ್. 18,000 ಸಂಬಳದೊಂದಿಗೆ ಅವನಿಗೆ 25,500 ಬರುತ್ತದೆ. ಆದಾಯ ತೆರಿಗೆಯ ಹಂತಗಳಂತೆ ಪ್ರತಿ ದರವೂ ಆಯಾ ಹಂತಕ್ಕೆ ಮಾತ್ರ ಅನ್ವಯಿಸಬೇಕು. ಗುರಿ ದಾಟಿದ ಕೂಡಲೇ ಇಡೀ ಮೊತ್ತಕ್ಕೆ ಹೊಸ ದರ ಎಂದು ಇಟ್ಟರೆ ತಿಂಗಳ ಕೊನೆಯ ಮೂರು ದಿನ ಏನಾಗುತ್ತದೆ ಎಂಬುದನ್ನು ನೋಡಿದ್ದೇನೆ: ಗುರಿಗೆ ಹತ್ತಿರವಿದ್ದವನು ಇಲ್ಲದ ರಿಯಾಯಿತಿ ಕೊಟ್ಟು ಮಾರುತ್ತಾನೆ, ಗುರಿ ಮುಟ್ಟಲಾಗದು ಎಂದು ಗೊತ್ತಾದವನು ಕೈಯಲ್ಲಿದ್ದ ಆರ್ಡರನ್ನು ಮುಂದಿನ ತಿಂಗಳಿಗೆ ಅಡಗಿಸಿಡುತ್ತಾನೆ. ಮೇಲ್ಮಿತಿಯನ್ನು ಮಾತ್ರ ಎಂದೂ ಹಾಕಬಾರದು. ಮಳೆಗಾಲದಲ್ಲಿ ಒಬ್ಬನ ಕಮಿಷನ್ ಸಂಬಳದ ಹತ್ತಿರ ಬಂದರೆ ಅದನ್ನು ಸಂತೋಷದಿಂದ ಕೊಡಿ, ಅದಕ್ಕಿಂತ ಹೆಚ್ಚು ಸಂಸ್ಥೆಗೆ ಬಂದಿರುತ್ತದೆ.

ಇನ್ನು ಯಾವಾಗ ಕೊಡಬೇಕು ಎಂಬುದು. ಇದರಲ್ಲೇ ನಾನು ಹೆಚ್ಚು ಕಳೆದುಕೊಂಡದ್ದು. ಕುವೆಂಪುನಗರದ ಒಂದು ಮನೆ. ನೆಲ ಅಂತಸ್ತು, ಹೊಸದಾಗಿ ಹಾಸಿದ ಹೊಳೆಯುವ ಟೈಲ್ಸ್. ಗೆದ್ದಲಿಗೆ ಔಷಧಿ ಹಾಕಬೇಕೆಂದರೆ ಗೋಡೆ ಮತ್ತು ನೆಲ ಕೂಡುವಲ್ಲಿ ಸುಮಾರು ಅಡಿಗೊಂದರಂತೆ 12 ಮಿಲಿಮೀಟರ್‌ನ ತೂತು ಕೊರೆದು ಒಳಗೆ ಇಳಿಸಬೇಕು, ಬೇರೆ ದಾರಿ ಇಲ್ಲ. ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಇಬ್ಬರು ಕೆಲಸಗಾರರು ಡ್ರಿಲ್ ಮೆಷಿನ್ ತೆಗೆದದ್ದೇ ತಡ, ಮನೆಯೊಡತಿ ಮೆಷಿನ್‌ನ ವೈರನ್ನು ಕೈಯಲ್ಲಿ ಹಿಡಿದುಕೊಂಡು ನಿಂತರು. "ನಿಮ್ಮ ಹುಡುಗ ಟೈಲ್ಸ್‌ಗೆ ತೂತು ಹಾಕೋದೇ ಇಲ್ಲ ಅಂತ ಹೇಳಿ ಅಡ್ವಾನ್ಸ್ ಇಸ್ಕೊಂಡು ಹೋಗಿದಾರೆ. ಬೇಕಿದ್ರೆ ಫೋನ್ ಮಾಡಿ ಕೇಳಿ." ನಾನೇ ಹೋಗಿ ಕ್ಷಮೆ ಕೇಳಿ ಮುಂಗಡವನ್ನು ಹಿಂದಿರುಗಿಸಿದೆ. ಇಬ್ಬರ ಒಂದು ದಿನದ ಕೂಲಿ ಹೋಯಿತು, ಕಲಸಿದ ಔಷಧಿ ಹೋಯಿತು. ಪ್ರತಿನಿಧಿಗೆ ಮಾತ್ರ ಆರ್ಡರ್ ಬರೆದ ವಾರದಲ್ಲೇ ಕಮಿಷನ್ ಸಂದಾಯವಾಗಿತ್ತು.

ಅಂದಿನಿಂದ ಕೆಲಸ ಮುಗಿದ ದಿನ ಮತ್ತು ಪೂರ್ತಿ ಹಣ ಬಂದ ದಿನ, ಇವೆರಡರಲ್ಲಿ ಯಾವುದು ಕೊನೆಯದೋ ಆ ತಿಂಗಳ ಲೆಕ್ಕಕ್ಕೆ ಮಾತ್ರ ಕಮಿಷನ್ ಸೇರುತ್ತದೆ. ಅದರಲ್ಲೂ ಮುಕ್ಕಾಲು ಭಾಗ ಆ ತಿಂಗಳ ಸಂಬಳದೊಂದಿಗೆ, ಉಳಿದ ಕಾಲು ಭಾಗ 60 ದಿನ ಕಳೆದ ಮೇಲೆ. ಈ ಅವಧಿಯಲ್ಲಿ ಪ್ರತಿನಿಧಿ ಕೊಟ್ಟ ತಪ್ಪು ಭರವಸೆಯಿಂದ ದೂರು ಬಂದರೆ ಕಾಲು ಭಾಗ ನಿಲ್ಲುತ್ತದೆ; ಕೆಲಸಗಾರರ ತಪ್ಪಿನಿಂದ ಬಂದ ದೂರಿಗೆ ಪ್ರತಿನಿಧಿಯಿಂದ ಒಂದು ಪೈಸೆಯನ್ನೂ ಹಿಡಿಯಬಾರದು. ಯಾರ ತಪ್ಪು ಎಂಬುದು ಬಾಯಿಮಾತಿನಲ್ಲಿ ತೀರದಿರಲೆಂದು, ಆರ್ಡರ್ ಚೀಟಿಯಲ್ಲಿ ತೂತು ಕೊರೆಯಲಾಗುವುದು, ಅಡುಗೆಮನೆ ಖಾಲಿ ಮಾಡಿಕೊಡಬೇಕು, ಗ್ಯಾರಂಟಿ ಇಷ್ಟು ವರ್ಷ ಎಂಬ ಸಾಲುಗಳನ್ನು ಮುದ್ರಿಸಿ, ಅದರ ಕೆಳಗೆ ಗ್ರಾಹಕರ ಸಹಿ ಪಡೆಯುತ್ತೇವೆ. ಕಾಲು ಭಾಗಕ್ಕಿಂತ ಹೆಚ್ಚು ತಡೆಹಿಡಿಯುವುದನ್ನು ನಾನು ಒಪ್ಪುವುದಿಲ್ಲ; ದುಡಿದ ಹಣ ದೂರವಾದಷ್ಟೂ ದುಡಿಯುವ ಹುರುಪು ತಗ್ಗುತ್ತದೆ.

ವಾರ್ಷಿಕ ಒಪ್ಪಂದಗಳಲ್ಲಿ ಲೆಕ್ಕ ಸ್ವಲ್ಪ ಬೇರೆ. ಹೋಟೆಲ್ ಒಂದರ ಅಡುಗೆಮನೆಗೆ ತಿಂಗಳಿಗೆ 1,500ರಂತೆ ಜಿರಳೆ ನಿವಾರಣೆ ಒಪ್ಪಿಕೊಂಡರೆ, ಭೇಟಿಯೊಂದರ ಖರ್ಚು 700 ಕಳೆದು ತಿಂಗಳಿಗೆ 800 ಉಳಿಕೆ. ಮೊದಲ ವರ್ಷ ಅದು ತಿಂಗಳು ತಿಂಗಳು ಹಣ ಬಂದಂತೆ, ಕಮಿಷನ್ ಕಟ್ಟುವ ಪ್ರತಿನಿಧಿಯ ಉಳಿಕೆಯ ಲೆಕ್ಕಕ್ಕೆ ಪೂರ್ತಿಯಾಗಿ ಸೇರಲಿ. ಆದರೆ ಎರಡನೆಯ ವರ್ಷ ಆ ಹೋಟೆಲಿನವರು ಒಪ್ಪಂದ ಮುಂದುವರಿಸಿದರೆ ಅದಕ್ಕೆ ಯಾರು ಕಾರಣ? ರಾತ್ರಿ ಹನ್ನೊಂದರ ಮೇಲೆ ಹೋಟೆಲ್ ಮುಚ್ಚಿದ ಬಳಿಕ ಹೋಗಿ, ಒಲೆಯ ಹಿಂದೆ, ಫ್ರಿಜ್‌ನ ಮೋಟಾರಿನ ಕೆಳಗೆ ಬಗ್ಗಿ ಜೆಲ್ ಇಟ್ಟು ಬಂದ ಕೆಲಸಗಾರ. ಅವನಿಗೆ ಏನೂ ಸಲ್ಲದೆ, ವರ್ಷವಿಡೀ ಆ ಕಡೆ ತಲೆಹಾಕದ ಪ್ರತಿನಿಧಿಗೆ ಮತ್ತೆ ಕಮಿಷನ್ ಹೋಗುವುದು ಸಂಸ್ಥೆಯೊಳಗೆ ಕಹಿ ಹುಟ್ಟಿಸುತ್ತದೆ. ನಾವು ನವೀಕರಣವಾದ ಪ್ರತಿ ಒಪ್ಪಂದಕ್ಕೆ ಕೆಲಸಗಾರನಿಗೆ 500 ರೂಪಾಯಿ ಕೊಟ್ಟು, ಪ್ರತಿನಿಧಿಯ ಲೆಕ್ಕಕ್ಕೆ ಆ ಉಳಿಕೆಯ ಕಾಲು ಭಾಗವನ್ನು ಮಾತ್ರ ಸೇರಿಸುತ್ತೇವೆ. ಕೆಲಸಗಾರರು ಗ್ರಾಹಕರ ಹೆಸರು ಹಿಡಿದು ವಿಚಾರಿಸಿಕೊಳ್ಳಲು ಶುರುಮಾಡಿದ್ದು ಈ ನಿಯಮ ಬಂದ ಮೇಲೆ.

ಅಪಾರ್ಟ್‌ಮೆಂಟ್ ಅಥವಾ ಲಾಡ್ಜಿನ ಮ್ಯಾನೇಜರ್ ತನಗೂ ಒಂದು ಪಾಲು ಕೇಳುವುದುಂಟು. ಪ್ರತಿನಿಧಿ ತನ್ನ ಕಮಿಷನ್‌ನಿಂದ ಅದನ್ನು ಕೊಡಕೂಡದು ಎಂದು ಸ್ಪಷ್ಟವಾಗಿ ಬರೆದಿಡಬೇಕು. ಅಂತಹ ಆರ್ಡರ್ ಕೈತಪ್ಪಿದರೆ ತಪ್ಪಲಿ.

ಇಷ್ಟನ್ನೂ ಒಂದು ಹಾಳೆಯಲ್ಲಿ, ನೌಕರನಿಗೆ ಓದಲು ಬರುವ ಭಾಷೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು. ಕೆಲಸ ಬಿಟ್ಟುಹೋದವರ ವಿಷಯವೂ ಅದರಲ್ಲಿರಲಿ: ವೇತನ ಸಂಹಿತೆಯ ಪ್ರಕಾರ ವೇತನದ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ತೀರಿಸಬೇಕು, ಅವರು ತಂದ ಆರ್ಡರುಗಳ ಹಣ ಆಮೇಲೆ ಬಂದಾಗ ಕಮಿಷನ್ ಕಳುಹಿಸಲಾಗುವುದು ಎಂದು ಬರೆದು ಹಾಗೆಯೇ ನಡೆದುಕೊಳ್ಳಬೇಕು. ಪ್ರತಿ ತಿಂಗಳ 3ನೇ ತಾರೀಖಿನೊಳಗೆ ಬಿಲ್ ನಂಬರ್, ದರ, ಪಟ್ಟಿಯ ಖರ್ಚು, ಹಣ ಬಂದ ದಿನ, ಕಮಿಷನ್ ಎಂಬ ಐದು ಅಂಕಣಗಳ ಲೆಕ್ಕವನ್ನು ಪ್ರತಿನಿಧಿಯ ಕೈಗೆ ಕೊಟ್ಟರೆ, ಆಕ್ಷೇಪಗಳನ್ನು ಬಗೆಹರಿಸಿ 7ನೇ ತಾರೀಖಿನೊಳಗೆ ಸಂಬಳದೊಂದಿಗೆ ಕೊಡಲು ಸಮಯವಿರುತ್ತದೆ. ತೆರಿಗೆಯ ಮಟ್ಟಿಗೆ ನೌಕರನ ಕಮಿಷನ್ ಸಂಬಳದ ಭಾಗವೇ. ನೌಕರರಲ್ಲದ ಹೊರಗಿನವರಿಗೆ ಕೊಡುವ ಕಮಿಷನ್ ವರ್ಷಕ್ಕೆ 20,000 ದಾಟಿದರೆ ಶೇಕಡಾ 2 ಟಿಡಿಎಸ್ (ಹಣ ಕೊಡುವಾಗಲೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕು. ಸ್ವಂತ ಹೆಸರಿನಲ್ಲಿ ವ್ಯವಹಾರ ನಡೆಸುವವರಿಗೆ ಈ ಹೊಣೆ ಹಿಂದಿನ ವರ್ಷದ ವಹಿವಾಟು ಒಂದು ಕೋಟಿ ಮೀರಿದ್ದರೆ ಮಾತ್ರ. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದು ಸೆಕ್ಷನ್ ಸಂಖ್ಯೆಗಳು ಬದಲಾಗಿರುವುದರಿಂದ ಚಲನ್ ತುಂಬುವ ಮುನ್ನ ಆಡಿಟರನ್ನು ಕೇಳಿ.

ಹೊಸ ಪದ್ಧತಿಯನ್ನು ಘೋಷಿಸುವ ಮೊದಲು ಹಿಂದಿನ ಆರು ತಿಂಗಳ ಬಿಲ್ಲುಗಳನ್ನು ಹರಡಿಕೊಂಡು ಕೂತು, ಪ್ರತಿಯೊಬ್ಬರಿಗೂ ಹೊಸ ಲೆಕ್ಕದಲ್ಲಿ ಎಷ್ಟು ಬರುತ್ತಿತ್ತು ಎಂದು ಕೂಡಿ ನೋಡಬೇಕು. ನಿಮ್ಮ ಅತ್ಯುತ್ತಮ ಪ್ರತಿನಿಧಿಗೆ ಮೊದಲಿಗಿಂತ ಕಡಿಮೆ ಬರುತ್ತಿದ್ದರೆ ಹಂತಗಳನ್ನು ಮತ್ತೆ ತಿದ್ದಿ. ಆಮೇಲೂ ಮೂರು ತಿಂಗಳ ಕಾಲ ಹಳೆಯ ಮತ್ತು ಹೊಸ ಎರಡೂ ಲೆಕ್ಕಗಳನ್ನು ಹಾಳೆಯಲ್ಲಿ ಅಕ್ಕಪಕ್ಕ ತೋರಿಸಿ, ಯಾವುದು ಹೆಚ್ಚೋ ಅದನ್ನೇ ಕೊಡಿ. ನಾಲ್ಕನೆಯ ತಿಂಗಳ ಹಾಳೆಯಲ್ಲಿ ಹಳೆಯ ಅಂಕಣವನ್ನು ತೆಗೆದುಹಾಕಬಹುದು.