ಅಮ್ಮನ ಮಾತ್ರೆಯ ಲೆಕ್ಕ

ಮಂಡಿ ಕೀಲು ಬದಲಿಸಿಕೊಂಡು ಮನೆಗೆ ಬಂದ ಎರಡನೆಯ ರಾತ್ರಿ ಅಮ್ಮ, "ನೋವಿನ ಮಾತ್ರೆ ಇನ್ನೂ ಕೊಟ್ಟಿಲ್ಲವಲ್ಲೇ" ಎಂದಳು. ಕೊಡಲು ಹೊರಟವಳು ಸ್ಟ್ರಿಪ್ ನೋಡಿ ನಿಂತೆ, ಒಂದು ಮಾತ್ರೆ ಕಡಿಮೆಯಿತ್ತು. ಗಂಟೆಯ ಹಿಂದಷ್ಟೇ ತಮ್ಮ ಕೊಟ್ಟಿದ್ದ. ಅದು ಟ್ರಮಡಾಲ್, ಓಪಿಯಾಯ್ಡ್ ಗುಂಪಿನ, ಅಂದರೆ ಅಫೀಮಿನಂತೆ ಕೆಲಸ ಮಾಡುವ ನೋವುನಿವಾರಕ. ಆ ರಾತ್ರಿಯೇ ಒಂದು ನೋಟ್‌ಬುಕ್ ತೆರೆದೆ. ನೀವೂ ಮೊದಲು ಅದನ್ನೇ ಮಾಡಿ.

ಕೊಟ್ಟ ಸಮಯ, ಮಾತ್ರೆಯ ಹೆಸರು, ಆಮೇಲೆ ರೋಗಿಗೆ ಏನೇನು ಮಾಡಲು ಸಾಧ್ಯವಾಯಿತು, ಈ ಮೂರನ್ನೂ ಬರೆಯಿರಿ. "ಶೌಚಾಲಯದವರೆಗೆ ನಡೆದಳು" ಎಂದಿದ್ದರೆ ಅಷ್ಟು ನೋವು ತಗ್ಗಿದ್ದು ಸಾಕು. ನೋವು ಪೂರ್ತಿ ಹೋಗಲೇಬೇಕೆಂದು ಹಟ ಹಿಡಿದರೆ ಮಾತ್ರೆ ಏರುತ್ತಲೇ ಹೋಗುತ್ತದೆ.

ಸ್ಟ್ರಿಪ್ಪಿನ ಹಿಂಭಾಗ ಓದಿ. ಅಮ್ಮನ ಮಾತ್ರೆಯಲ್ಲಿ 37.5 ಮಿಲಿಗ್ರಾಂ ಟ್ರಮಡಾಲ್ ಜೊತೆಗೆ 325 ಮಿಲಿಗ್ರಾಂ ಪ್ಯಾರಸಿಟಮಾಲ್ ಇತ್ತು. ನೆಗಡಿಯ ಮಾತ್ರೆಯಲ್ಲೂ ಪ್ಯಾರಸಿಟಮಾಲ್ ಇರಬಹುದು. ಎಲ್ಲ ಸೇರಿ ವಯಸ್ಕರಿಗೆ ದಿನಕ್ಕೆ 4 ಗ್ರಾಂ ದಾಟಬಾರದು. ಯಕೃತ್ತಿನ ತೊಂದರೆ ಇದ್ದವರಿಗೆ ಮಿತಿ ಇನ್ನೂ ಕಡಿಮೆ.

ನೋವನ್ನು ಮಂಕಾಗಿಸುವ ಟ್ರಮಡಾಲ್ ಉಸಿರಾಟವನ್ನೂ ನಿಧಾನಗೊಳಿಸುತ್ತದೆ. ಮದ್ಯ, ನಿದ್ರೆ ಮಾತ್ರೆ, ಆತಂಕಕ್ಕೆ ಕೊಡುವ ಆಲ್ಪ್ರಜೋಲಮ್‌ನಂಥವು ಜೊತೆಗೂಡಿದರೆ ಉಸಿರೇ ನಿಲ್ಲಬಹುದು. ಮೂರ್ಛೆರೋಗ, ಖಿನ್ನತೆಯ ಔಷಧ, ನಿದ್ರೆಯಲ್ಲಿ ಉಸಿರುಗಟ್ಟುವ ತೊಂದರೆ ಇದ್ದರೆ ವೈದ್ಯರಿಗೆ ಮೊದಲೇ ಹೇಳಿ. ಅಲುಗಾಡಿಸಿದರೂ ಏಳದಿದ್ದರೆ, ಉಸಿರು ತೀರಾ ನಿಧಾನವಾದರೆ, ತುಟಿ ನೀಲಿಗಟ್ಟಿದರೆ ತಕ್ಷಣ ಆಂಬ್ಯುಲೆನ್ಸ್ ಕರೆಯಿರಿ. ಓಪಿಯಾಯ್ಡ್‌ಗೆ ಪ್ರತಿಮದ್ದಾದ ನಲೋಕ್ಸೋನ್ ಕೈಗೆ ಸಿಗುವಂತಿದ್ದರೆ ಕೊಡಿ.

ಮಲಬದ್ಧತೆಯ ಬಗ್ಗೆ ನಮಗೆ ಯಾರೂ ಹೇಳಿರಲಿಲ್ಲ. ನಾಲ್ಕು ದಿನ ಹೊಟ್ಟೆ ಕಟ್ಟಿ, ಮಂಡಿಗಿಂತ ಅದಕ್ಕೇ ಅಮ್ಮ ಹೆಚ್ಚು ನರಳಿದಳು. ಮಂಪರು ದಿನಗಳೆದಂತೆ ಕಡಿಮೆಯಾಗಬಹುದು, ಆದರೆ ಕರುಳು ಈ ಔಷಧಕ್ಕೆ ಒಗ್ಗಿಕೊಳ್ಳುವುದಿಲ್ಲ. ಮಲ ಸಡಿಲಿಸುವ ಸೆನ್ನಾ ಅಥವಾ ಲ್ಯಾಕ್ಟುಲೋಸ್ ಬೇಕೇ ಎಂದು ಮೊದಲ ದಿನವೇ ಕೇಳಿ.

ನಾವು ಆ ಪುಸ್ತಕವನ್ನು ವೈದ್ಯರಿಗೆ ತೋರಿಸಿದೆವು. ಅಂದಿನಿಂದ ಪ್ಯಾರಸಿಟಮಾಲ್ ಮಾತ್ರ ಹೊತ್ತುಹೊತ್ತಿಗೆ, ಟ್ರಮಡಾಲ್ ಇದ್ದ ಮಾತ್ರೆ ದಿನಕ್ಕೊಂದೇ, ಅದೂ ವ್ಯಾಯಾಮಕ್ಕೆ ಒಂದು ಗಂಟೆ ಮೊದಲು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯೂ ಬಹಳ ನೆರವಾಯಿತು. ಐಬುಪ್ರೊಫೇನ್ ಕೆಲವರಿಗೆ ಒಳ್ಳೆಯ ಆಯ್ಕೆ, ಆದರೆ ಹೊಟ್ಟೆಹುಣ್ಣು, ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇದ್ದವರು ತಾವಾಗಿ ನುಂಗಬಾರದು. ವರ್ಷಗಟ್ಟಲೆ ಕಾಡುವ ಸೊಂಟನೋವು, ಕೀಲುನೋವಿಗೆ ಓಪಿಯಾಯ್ಡ್‌ಗಿಂತ ವ್ಯಾಯಾಮ, ಫಿಸಿಯೋಥೆರಪಿಯನ್ನೇ ಮೊದಲು ನೋಡಬೇಕು.

ಕ್ಯಾನ್ಸರ್ ನೋವಿನ ಮಾತು ಬೇರೆ. ಚಟವಾದೀತೆಂಬ ಭಯಕ್ಕೆ ಮಾರ್ಫಿನ್‌ನಂಥ ಓಪಿಯಾಯ್ಡ್ ತಡೆದು ಯಾರನ್ನೂ ನರಳಿಸಬೇಡಿ. ಯಾವುದೇ ಓಪಿಯಾಯ್ಡನ್ನು ವಾರಗಟ್ಟಲೆ ತೆಗೆದುಕೊಂಡವರು ಒಮ್ಮೆಲೇ ನಿಲ್ಲಿಸಬಾರದು; ಬೆವರು, ಚಡಪಡಿಕೆ, ಭೇದಿ ಶುರುವಾಗುತ್ತದೆ. ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.

ಹನ್ನೊಂದನೆಯ ದಿನಕ್ಕೆ ಅಮ್ಮನಿಗೆ ಟ್ರಮಡಾಲ್ ಬೇಡವಾಯಿತು. ಅಲ್ಲಿಯವರೆಗೂ ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟಿದ್ದೆ. ಉಳಿದ ಎಂಟು ಮಾತ್ರೆ ಎಣಿಸಿ, ಔಷಧಾಲಯದವರನ್ನು ವಿಚಾರಿಸಿ, ಅವರಿಗೇ ಹಿಂದಿರುಗಿಸಿ ಬಂದೆ.