ಯಕ್ಷಗಾನ ಗುಂಪಿಗೆ ಹೊಸಬರು ಬಂದಾಗ

ಹೋದ ತಿಂಗಳು ನಮ್ಮ ಯಕ್ಷಗಾನ ಗುಂಪಿಗೆ ಮೈಸೂರು ಕಡೆಯವರೊಬ್ಬರು ಸೇರಿದರು. ಒಂದು ಫೋಟೋ ಹಾಕಿ 'ಇದು ಯಾವ ನಾಟಕ?' ಎಂದು ಕೇಳಿದರು. ಐದು ನಿಮಿಷದಲ್ಲಿ ಏಳು ಉತ್ತರ, ಎಲ್ಲವೂ ಒಂದೇ: 'ನಾಟಕ ಅಲ್ಲ ಮಾರಾಯ್ರೇ, ಆಟ!' (ಯಕ್ಷಗಾನ ಪ್ರದರ್ಶನಕ್ಕೆ ನಾವು ಆಟ ಅನ್ನುವುದು.) ಪ್ರಸಂಗದ, ಅಂದರೆ ಆಡಿದ ಕಥೆಯ, ಹೆಸರು ಮಾತ್ರ ಯಾರೂ ಹೇಳಲಿಲ್ಲ. ಆಮೇಲೆ ಅವರು ಬಾಯಿ ಬಿಡಲೇ ಇಲ್ಲ. (ಆ ಏಳರಲ್ಲಿ ನಾನೂ ಒಬ್ಬ.)

ಮೊದಲು ಕೇಳಿದ್ದಕ್ಕೆ ಉತ್ತರ ಕೊಡಿ, ತಿದ್ದುವುದು ಆಮೇಲೆ. ಯಕ್ಷಗಾನದ ಎರಡು ಶೈಲಿಗಳನ್ನು ತೆಂಕು, ಬಡಗು ಅಂತ ಸುಮ್ನೆ ಹೇಳಿದರೆ ಹೊಸಬರಿಗೆ ಏನೂ ತಿಳಿಯುವುದಿಲ್ಲ, ಅದರ ಬದಲು ಪದ್ಯ ಹಾಡುವ ಭಾಗವತರ ಕೈ ನೋಡಿ ಅನ್ನಿ: ಜಾಗಟೆ ಇದ್ದರೆ ತೆಂಕು, ತಾಳ ಇದ್ದರೆ ಬಡಗು. ಇಷ್ಟು ಗೊತ್ತಾದರೆ ಮುಂದಿನ ಸಲ ಅವರೇ ಗುರುತಿಸಿ ಖುಷಿಪಡುತ್ತಾರೆ.

ಇನ್ನು, ಮೊದಲ ಸಲ ನೋಡುವವರನ್ನು ಬೆಳಗಿನವರೆಗಿನ ಆಟಕ್ಕೆ ಎಳೆದುಕೊಂಡು ಹೋಗಬೇಡಿ. ಕೆಲವೇ ಗಂಟೆಯಲ್ಲಿ ಮುಗಿಯುವ ಕಾಲಮಿತಿ ಆಟ ಸಾಕು. ಕಥೆಯನ್ನು ಮೊದಲೇ ನಾಲ್ಕು ಸಾಲಲ್ಲಿ ಬರೆದು ಕಳಿಸಿ, ಚಂಡೆ ಜೋರಾದಾಗ ಪದ್ಯದ ಮಾತು ನಮಗೇ ಪೂರ್ತಿ ಕೇಳಿಸುವುದಿಲ್ಲ ಅಲ್ವಾ? ಸಾಧ್ಯವಾದರೆ ಒಮ್ಮೆ ಚೌಕಿಗೂ (ವೇಷ ಕಟ್ಟುವ ಜಾಗ) ಕರೆದುಕೊಂಡು ಹೋಗಿ, ಬಣ್ಣ ಹಚ್ಚುವುದನ್ನು ತೋರಿಸಿ, ಮೇಳದವರನ್ನು, ಅಂದರೆ ಆಡುವ ತಂಡದವರನ್ನು, ಕೇಳಿಕೊಂಡು. ಯಾವ ಮೇಳ ದೊಡ್ಡದು ಎನ್ನುವ ಜಗಳ ಮಾತ್ರ ಆ ದಿನ ಬೇಡ.